ನೆಂಟರಿಗೆ ಸುಲಭದ ಊಟ, ರಾಸಿಗೆ ಹಗುರವಾದ ಬಾನಿ



ನಮ್ಮ ಕಡೆ ಮನೆಗಳಿಗೆ ನೆಂಟರು ಒಬ್ಬಿಬ್ಬರಾಗಿ ಬರುವುದು ಕಡಿಮೆ. ಮೇಲುಕೋಟೆಯ ವೈರಮುಡಿ ಎಂದರೆ ಪಾಂಡವಪುರದ ಹಳ್ಳಿಗಳು ತುಂಬುತ್ತವೆ. ರಥಸಪ್ತಮಿಗೆ ಶ್ರೀರಂಗಪಟ್ಟಣ, ಹೇಮಗಿರಿಯ ದನಗಳ ಜಾತ್ರೆಗೆ ಕೃಷ್ಣರಾಜಪೇಟೆ, ಆದಿಚುಂಚನಗಿರಿಯ ಜಾತ್ರೆಗೆ ನಾಗಮಂಗಲ. 2023ರಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿಯ ಉದ್ಘಾಟನೆಯಾದ ಮೇಲೆ ಹಬ್ಬವೇ ಇರಬೇಕೆಂದಿಲ್ಲ. ಶನಿವಾರ ಬೆಳಿಗ್ಗೆ ನಾಲ್ಕು ಕಾರು ಬಂದು ನಿಂತರೆ ಭಾನುವಾರ ಸಂಜೆಯವರೆಗೂ ಒಲೆ ಆರುವುದಿಲ್ಲ.

ನೆಂಟರು ಬರುವುದು ಸಂತೋಷವೇ. ಆದರೆ ನಲವತ್ತು ಜನಕ್ಕೆ ಬೇಯಿಸುವ ಹೆಣ್ಣುಮಗಳೇ ನಮ್ಮ ಬಹುತೇಕ ಮನೆಗಳಲ್ಲಿ ಹಾಲು ಕರೆಯುವವಳು, ಹುಲ್ಲು ಹಾಕುವವಳು, ಬಾನಿ ತುಂಬುವವಳು. ಅಡಿಗೆ ಮನೆಯಲ್ಲಿ ಅಳತೆ ತಪ್ಪಿದರೆ ಅದರ ಫಲ ಕೊಟ್ಟಿಗೆಗೆ ಬರುತ್ತದೆ. ಹೇಗೆಂದು ಒಂದು ಉದಾಹರಣೆ ಹೇಳುತ್ತೇನೆ.

ಒಂದು ಮನೆಯಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ಯುಗಾದಿಯ ಮಾರನೆಯ ದಿನ, ವರ್ಷತೊಡಕಿನ ಊಟ ಮುಗಿದ ಮೇಲೆ, ನಾಗಮಂಗಲ ತಾಲ್ಲೂಕಿನ ಒಂದು ಮನೆಯಲ್ಲಿ ಎರಡು ದೊಡ್ಡ ಪಾತ್ರೆ ಅನ್ನ ಉಳಿಯಿತು. ಸಂಜೆ ಅದನ್ನು ಎರಡು ಮಿಶ್ರತಳಿ ಹಸುಗಳ ಬಾನಿಗೆ ಸುರಿದರು. ಮರುದಿನ ಬೆಳಿಗ್ಗೆ ನನಗೆ ಕರೆ ಬಂದು ಹೋದಾಗ ಒಂದು ಹಸು ಮಲಗಿಬಿಟ್ಟಿತ್ತು. ಕಣ್ಣು ಗುಳಿ ಬಿದ್ದಿತ್ತು, ಹುಳಿ ವಾಸನೆಯ ನೀರಿನಂಥ ಸಗಣಿ ಹೋಗುತ್ತಿತ್ತು. ಬಾಟಲಿಗಟ್ಟಲೆ ಔಷಧಿ ಕೊಟ್ಟರೂ ಅದು ಮಧ್ಯಾಹ್ನಕ್ಕೆ ಸತ್ತಿತು. ಇನ್ನೊಂದು ಬದುಕಿತು. ಆದರೆ ಅದರ ಹಾಲು ಆ ಕರಾವಿನಲ್ಲಿ ಮೊದಲಿನ ಮಟ್ಟಕ್ಕೆ ಏರಲೇ ಇಲ್ಲ.

"ಅನ್ನ ದೇವ್ರಲ್ವಾ ಸಾ, ತಿಪ್ಪೆಗೆ ಹೆಂಗೆ ಸುರಿಯೋದು?" ಎಂದು ಆ ಮನೆಯ ಯಜಮಾನಿ ಕೇಳಿದರು. ಆಕೆಯ ಮಾತಿನಲ್ಲಿ ತಪ್ಪಿಲ್ಲ. ಅನ್ನವನ್ನು ತಿಪ್ಪೆಗೂ ಸುರಿಯಬಾರದು, ಬಾನಿಗೂ ಸುರಿಯಬಾರದು. ಉಳಿಯದ ಹಾಗೆ ಬೇಯಿಸುವುದೇ ಇದಕ್ಕೆ ದಾರಿ.

ಅನ್ನ ಹಸುವಿಗೆ ವಿಷವಾಗುವುದು ಹೇಗೆ?

ಹಸುವಿನ ದೊಡ್ಡ ಹೊಟ್ಟೆ ಹುಲ್ಲು ಹುದುಗಿಸುವ ಹಂಡೆ ಇದ್ದಂತೆ. ಅದರಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ನಿಧಾನವಾಗಿ ಕರಗಿಸಿ ಹಸುವಿಗೆ ಶಕ್ತಿ ಕೊಡುತ್ತವೆ. ಬೆಂದ ಅನ್ನ, ಮುದ್ದೆ, ಪಾಯಸ, ಇಡ್ಲಿ ಹಿಟ್ಟು ಇವೆಲ್ಲ ಬೇಗ ಹುಳಿಯುವ ಪಿಷ್ಟ ಮತ್ತು ಸಕ್ಕರೆ. ಇವು ಒಂದೇ ಸಲ ಹೆಚ್ಚಾಗಿ ಬಿದ್ದರೆ ಹುಳಿ ಮಾಡುವ ಜೀವಿಗಳು ಮಿತಿಮೀರಿ ಬೆಳೆದು ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ನಾರು ಕರಗಿಸುವ ಜೀವಿಗಳು ಸಾಯುತ್ತವೆ, ಮೆಲುಕು ನಿಲ್ಲುತ್ತದೆ. ದೇಹದ ನೀರೆಲ್ಲ ಹೊಟ್ಟೆಗೆ ಎಳೆದುಕೊಂಡು ರಾಸು ಒಣಗುತ್ತದೆ. ಆಮ್ಲ ರಕ್ತಕ್ಕೆ ಸೇರಿದರೆ ಒಂದೆರಡು ದಿನದೊಳಗೆ ಪ್ರಾಣ ಹೋಗಬಹುದು. ಬದುಕಿದರೂ ಗೊರಸಿನ ನೋವು, ಕುಂಟು, ಹಾಲಿನ ಇಳುವರಿ ಕುಸಿತ ಇವು ಉಳಿದುಕೊಳ್ಳಬಹುದು.

ನಲವತ್ತು ಜನಕ್ಕೆ ಎರಡು ದಿನದ ಊಟ

ಇಲ್ಲಿ ಒಂದು ಸೂತ್ರ ನೆನಪಿಡಿ. ಹಸಿ ಹಿಟ್ಟು ಉಳಿದರೆ ಡಬ್ಬಿಯಲ್ಲಿರುತ್ತದೆ, ಬೆಂದ ಅನ್ನ ಉಳಿದರೆ ಬಾನಿಗೆ ಬೀಳುತ್ತದೆ. ಆದ್ದರಿಂದ ಪಂಕ್ತಿ ನೋಡಿ ಬೇಯಿಸಬಹುದಾದ ಅಡಿಗೆಗಳನ್ನೇ ಆರಿಸಿಕೊಳ್ಳಿ. ಕೆಳಗಿನ ಅಳತೆಗಳು ಮಕ್ಕಳೂ ಸೇರಿ ನಲವತ್ತು ಜನಕ್ಕೆ.

ಶುಕ್ರವಾರ ಸಂಜೆ: ಎರಡು ಕಿಲೋ ಹುರುಳಿ ಅಥವಾ ಅಲಸಂದೆ ಕಾಳು ನೆನೆಹಾಕಿ. ಪುಳಿಯೋಗರೆ ಗೊಜ್ಜು ಕುದಿಸಿಡಿ. ಎಣ್ಣೆ ತೇಲುವವರೆಗೆ ಕುದಿಸಿದ ಗೊಜ್ಜು ಕೆಡುವುದಿಲ್ಲ. ನಾಲ್ಕು ಲೀಟರ್ ಹಾಲು ಕಾಯಿಸಿ, ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ. ಚಳಿಗಾಲವಾದರೆ ಪಾತ್ರೆಯನ್ನು ಒಣ ಹುಲ್ಲಿನ ನಡುವೆ ಇಟ್ಟು ಗೋಣಿಚೀಲ ಮುಚ್ಚಿದರೆ ಬೆಳಿಗ್ಗೆಗೆ ಗಟ್ಟಿ ಮೊಸರಾಗುತ್ತದೆ.

ಶನಿವಾರ ಮಧ್ಯಾಹ್ನ: ಮುದ್ದೆ, ಉಪ್ಸಾರು, ಸ್ವಲ್ಪ ಅನ್ನ, ಮಜ್ಜಿಗೆ. ದೊಡ್ಡ ಗುಂಪಿಗೆ ಉಪ್ಸಾರಿಗಿಂತ ಸುಲಭದ ಅಡಿಗೆ ಇನ್ನೊಂದಿಲ್ಲ. ಕಾಳಿನ ಜೊತೆ ಮೂರು ಕಿಲೋ ಸೊಪ್ಪು ಹಾಕಿ ಉಪ್ಪಿನಲ್ಲಿ ಬೇಯಿಸಿ ಬಸಿದರೆ ಒಂದೇ ಪಾತ್ರೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ ಅರೆದ ಖಾರ ಬೇರೆ ಇಟ್ಟರೆ ಪಟ್ಟಣದ ಮಕ್ಕಳಿಗೂ ಖಾರದ ತೊಂದರೆ ಇಲ್ಲ. ರಾಗಿಹಿಟ್ಟು ನಾಲ್ಕು ಕಿಲೋ ತೆಗೆದಿಡಿ. ಒಂದೇ ಸಲ ಎಲ್ಲವನ್ನೂ ಎಸರಿಗೆ ಹಾಕಬೇಡಿ. ಮೊದಲ ಪಂಕ್ತಿಗೆ ಎರಡು ಕಿಲೋ ತೊಳಸಿ, ಅವರು ಉಣ್ಣುವುದನ್ನು ನೋಡಿ ಎರಡನೆಯದಕ್ಕೆ ಎಸರಿಡಿ. ಮುದ್ದೆ ಇರುವ ಊಟಕ್ಕೆ ಅಕ್ಕಿ ಎರಡು ಕಿಲೋ ಸಾಕು.

ಶನಿವಾರ ರಾತ್ರಿ: ಅನ್ನ, ತಿಳಿಸಾರು, ಮಧ್ಯಾಹ್ನದ ಕಾಳಿನ ಪಲ್ಯ ಉಳಿದಿದ್ದರೆ ಅದಕ್ಕೊಂದು ಒಗ್ಗರಣೆ. ಅಕ್ಕಿ ಮೂರು ಕಿಲೋ, ಎರಡು ಸಲಕ್ಕೆ ಬೇಯಿಸಿ. ಮಲಗುವ ಮುನ್ನ ಭಾನುವಾರಕ್ಕೂ ನಾಲ್ಕು ಲೀಟರ್ ಹಾಲಿಗೆ ಹೆಪ್ಪು ಹಾಕುವುದನ್ನು ಮರೆಯಬೇಡಿ.

ಭಾನುವಾರ ಬೆಳಿಗ್ಗೆ: ಪುಳಿಯೋಗರೆ. ಮೇಲುಕೋಟೆಯ ಹೆಸರು ಹೇಳುವ ಈ ತಿಂಡಿಗೆ ಗೊಜ್ಜು ಮೊದಲೇ ಇದ್ದರೆ ಮೂರು ಕಿಲೋ ಅಕ್ಕಿ ಬೇಯಿಸಿ ಆರಿಸಿ ಕಲಸುವುದಷ್ಟೇ ಕೆಲಸ. ಅಷ್ಟರಲ್ಲಿ ಹಾಲು ಕರೆದು ಡೇರಿಗೆ ಹಾಕಿ ಬರಬಹುದು.

ಭಾನುವಾರ ಮಧ್ಯಾಹ್ನ: ಮಾಂಸದ ಊಟವೋ ಅವರೆಕಾಳಿನ ಸಾರೋ, ನಿಮ್ಮ ಮನೆಯ ಪದ್ಧತಿಯಂತೆ. ಮುದ್ದೆ-ಅನ್ನದ ಅಳತೆ ಶನಿವಾರದ್ದೇ. ಸಿಹಿಗೆ ಒಂದು ಕಿಲೋ ಹೆಸರುಬೇಳೆ, ಒಂದೂವರೆ ಕಿಲೋ ಬೆಲ್ಲ, ಎರಡು ಲೀಟರ್ ಹಾಲಿನ ಪಾಯಸ. ಬೆಲ್ಲ ಕುದಿಯುವಾಗ ಹಾಲು ಸುರಿದರೆ ಒಡೆಯುತ್ತದೆ. ಪಾತ್ರೆ ಇಳಿಸಿ, ಬಿಸಿ ಆರಿದ ಮೇಲೆ ಕಾಯಿಸಿದ ಹಾಲು ಸೇರಿಸಿ.

ಹೊರಡುವವರಿಗೆ: ಆಗ ತಾನೆ ಬೇಯಿಸಿದ ಅನ್ನ ಆರಿದ ಮೇಲೆ, ಕಾಯಿಸಿ ಆರಿಸಿದ ಹಾಲಿನಲ್ಲಿ ಕಲಸಿ ಒಂದೆರಡು ಚಮಚ ಮೊಸರು ಸೇರಿಸಿ ಬುತ್ತಿ ಕಟ್ಟಿ. ಬೆಂಗಳೂರು ತಲುಪುವವರೆಗೂ ಮೊಸರನ್ನ ಹುಳಿಯಾಗುವುದಿಲ್ಲ.

ಮನೆಗೆ ಎಷ್ಟು ಹಾಲು?

ಒಂದು ಸುತ್ತು ಕಾಫಿ-ಟೀಗೆ ಮೂರು ಲೀಟರ್ ಹಾಲು ಬೇಕು. ದಿನಕ್ಕೆ ಎರಡು ಸುತ್ತು, ಜೊತೆಗೆ ಮೊಸರಿಗೆ ನಾಲ್ಕು ಲೀಟರ್ ಎಂದರೆ ಹತ್ತು ಲೀಟರ್ ಆಯಿತು. ಇದನ್ನು ಮೊದಲೇ ಲೆಕ್ಕ ಹಾಕಿ ಮನೆಗೆ ಇಟ್ಟುಕೊಳ್ಳಿ, ಉಳಿದದ್ದನ್ನು ಸಂಘಕ್ಕೆ ಹಾಕಿ. ಆ ಎರಡು ದಿನ ಹಾಲು ಕಡಿಮೆಯಾದರೆ ನಾಚಿಕೆಯೇನೂ ಇಲ್ಲ. ಅಳತೆ ಸರಿದೂಗಿಸಲು ನೀರು ಬೆರೆಸಿದರೆ ಜಿಡ್ಡೂ, ಜಿಡ್ಡೇತರ ಘನಾಂಶವೂ ಇಳಿದು ನಿಮಗೂ ಸಂಘಕ್ಕೂ ನಷ್ಟ.

ಕೊಟ್ಟಿಗೆಯಲ್ಲಿ ಹೊಸದಾಗಿ ಕರು ಹಾಕಿದ ಹಸುವಿದ್ದರೆ ನೆಂಟರು ಗಿಣ್ಣು ಕೇಳುವುದುಂಟು. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಹೊಟ್ಟೆ ತುಂಬ ಗಿಣ್ಣುಹಾಲು ಸಿಗಲೇಬೇಕು. ಅದಕ್ಕೆ ಮಿಕ್ಕಿದ್ದು ಮಾತ್ರ ನೆಂಟರಿಗೆ. ಚುಚ್ಚುಮದ್ದು ಪಡೆಯುತ್ತಿರುವ ಹಸುವಿನ ಹಾಲನ್ನು, ವೈದ್ಯರು ಹೇಳಿದ ಅವಧಿ ಮುಗಿಯುವವರೆಗೆ, ಡೇರಿಗೂ ಹಾಕಬೇಡಿ, ನೆಂಟರಿಗೂ ಕೊಡಬೇಡಿ.

ಕೊಟ್ಟಿಗೆಯ ಜವಾಬ್ದಾರಿ ಒಬ್ಬರಿಗೆ

ನೆಂಟರು ಬಂದ ದಿನ ಬಾನಿಗೆ ಯಾರು ಏನು ಸುರಿದರೆಂದು ಯಾರಿಗೂ ಗೊತ್ತಿರುವುದಿಲ್ಲ. ಅಕ್ಕ ಒಂದು ಪಾತ್ರೆ, ಅತ್ತಿಗೆ ಒಂದು ಪಾತ್ರೆ, ಮಕ್ಕಳು ಎಲೆಯಲ್ಲಿ ಬಿಟ್ಟದ್ದು. ಆದ್ದರಿಂದ ಆ ಎರಡು ದಿನ ಕೊಟ್ಟಿಗೆಯನ್ನು ಮನೆಯ ಒಬ್ಬರೇ ನೋಡಿಕೊಳ್ಳಲಿ. ಗಂಡಸರು ಈ ಕೆಲಸ ವಹಿಸಿಕೊಂಡರೆ ಇನ್ನೂ ಒಳ್ಳೆಯದು.

1. ಅಕ್ಕಿ ತೊಳೆದ ನೀರಿನ ಕಲಗಚ್ಚು ಪರವಾಗಿಲ್ಲ. ಪಂಕ್ತಿಯ ಅನ್ನ, ಮುದ್ದೆ, ಪಾಯಸ ಬಾನಿಗೆ ಬೇಡ.
2. ಮಾಂಸದೂಟದ ಮೂಳೆ, ಪ್ಲಾಸ್ಟಿಕ್ ಹಾಳೆ ಅಂಟಿಸಿದ ಊಟದ ತಟ್ಟೆ, ಲೋಟ ರಾಸಿಗೆ ಸಿಗದಂತೆ ಗುಂಡಿಗೆ ಹಾಕಿ.
3. ಹಾಲು ಕರೆಯುವ ಹೊತ್ತು, ಹುಲ್ಲು, ನೀರು ಎಂದಿನಂತೆಯೇ ಇರಲಿ.
4. ಅಕ್ಕಿ ಮೂಟೆ, ಹಿಟ್ಟಿನ ಚೀಲ ಹಗ್ಗ ಬಿಚ್ಚಿಕೊಂಡ ರಾಸಿಗೆ ಎಟುಕಬಾರದು.
5. ಆದರೂ ಅನ್ನ ಉಳಿದರೆ ಅಕ್ಕಪಕ್ಕದವರಿಗೆ ಬಿಸಿಯಿರುವಾಗಲೇ ಹಂಚಿ. ಕೋಳಿಗಳಿಗೆ ಸ್ವಲ್ಪ ಹಾಕಬಹುದು. ಗೋಬರ್ ಗ್ಯಾಸ್ ಇದ್ದರೆ ದಿನಕ್ಕೆ ಸ್ವಲ್ಪ ಸ್ವಲ್ಪ ಸಗಣಿಯ ಜೊತೆ ಹಾಕಿ. ಅದರ ಹೊಟ್ಟೆಯೂ ಹಸುವಿನ ಹೊಟ್ಟೆಯಂತೆಯೇ, ಒಮ್ಮೆಲೇ ಸುರಿದರೆ ಹುಳಿಯಾಗಿ ನಿಲ್ಲುತ್ತದೆ.

ಅನ್ನ ತಿಂದುಬಿಟ್ಟರೆ

ಮೇವು ಬಿಡುವುದು, ಮೆಲುಕು ನಿಲ್ಲುವುದು, ಎಡ ಹೊಟ್ಟೆ ತುಂಬಿ ನಿಲ್ಲುವುದು, ಹಲ್ಲು ಕಡಿಯುವುದು, ಹುಳಿ ವಾಸನೆಯ ಭೇದಿ, ತೂರಾಡುವ ನಡಿಗೆ ಇವು ಲಕ್ಷಣಗಳು. ಲಕ್ಷಣ ಬರುವವರೆಗೆ ಕಾಯಬೇಡಿ. ಹೆಚ್ಚು ತಿಂದಿದೆ ಎಂದು ತಿಳಿದ ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅಥವಾ 1962 ಸಹಾಯವಾಣಿಗೆ ಕರೆ ಮಾಡಿ. ಎಷ್ಟು ಹೊತ್ತಿಗೆ, ಎಷ್ಟು ತಿಂದಿತೆಂದು ನಿಜ ಹೇಳಿ. ಬಾನಿ, ಹಿಂಡಿ, ಬೂಸಾ ತೆಗೆದು ಒಣ ಹುಲ್ಲು ಮಾತ್ರ ಮುಂದಿಡಿ.

ವೈದ್ಯರು ಬರುವುದು ತಡವಾದರೆ, ಅವರನ್ನು ಕೇಳಿಕೊಂಡು, ದೊಡ್ಡ ಹಸುವಿಗೆ 100ರಿಂದ 150 ಗ್ರಾಂ ಅಡಿಗೆ ಸೋಡಾವನ್ನು ಒಂದೆರಡು ಲೀಟರ್ ನೀರಿನಲ್ಲಿ ಕರಗಿಸಿ ನಿಧಾನವಾಗಿ ಕುಡಿಸಬಹುದು. ಬಟ್ಟೆ ಸೋಡಾ ಅಲ್ಲ, ಎಚ್ಚರ. ನಾಲಿಗೆ ಎಳೆದು ಹಿಡಿದು ಗೊಟ್ಟ ಹಾಕಬೇಡಿ. ಮಲಗಿದ ರಾಸಿಗೆ ಏನನ್ನೂ ಕುಡಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಅಜೀರ್ಣವೆಂದು ಮಜ್ಜಿಗೆ, ನಿಂಬೆರಸ, ಹುಣಸೆ ನೀರು ಕೊಡುವ ರೂಢಿ ನಮ್ಮಲ್ಲಿದೆ. ಮೊದಲೇ ಹುಳಿ ತುಂಬಿದ ಹೊಟ್ಟೆಗೆ ಮತ್ತಷ್ಟು ಹುಳಿ ಸುರಿದಂತಾಗುತ್ತದೆ, ಕೊಡಬೇಡಿ.

ನೆಂಟರು ಹೊಟ್ಟೆ ತುಂಬ ಉಂಡು, ಮಜ್ಜಿಗೆ ಕುಡಿದು, ಬುತ್ತಿ ಹಿಡಿದು ಹೊರಡಲಿ. ಸೋಮವಾರ ಬೆಳಿಗ್ಗೆ ನಿಮ್ಮ ಹಸು ಎಂದಿನಂತೆ ಮೆಲುಕು ಹಾಕುತ್ತಾ ನಿಂತಿರಲಿ. ಇದಕ್ಕೆ ಬೇಕಾದದ್ದು ಒಲೆಯ ಮುಂದೆ ಒಂದು ಅಳತೆ, ಬಾನಿಯ ಮುಂದೆ ಒಂದು ಎಚ್ಚರ.