ತೋಟದ ಪಾಲು ಯಾರಿಗೆ?

“ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು” ಎಂಬ ಗಾದೆ ಕನ್ನಡನಾಡಿನಲ್ಲೆಲ್ಲ ಕೇಳಿಬರುವುದಾದರೂ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅದಕ್ಕೆ ಒಂದು ವಿಶೇಷವಾದ ಅರ್ಥವುಂಟು. ರಾಗಿಯನ್ನು ಬಿತ್ತಿದವನೇ ರಾಗಿಯನ್ನು ಕೊಯ್ಯುತ್ತಾನೆ. ತೆಂಗಿನ ಮಾತು ಹಾಗಲ್ಲ. ನೆಟ್ಟ ಸಸಿ ಹೊಂಬಾಳೆ ಬಿಡಲು ಆರೆಂಟು ವರ್ಷ ಬೇಕು. ಆಮೇಲೆ ಅರುವತ್ತು ವರ್ಷಕ್ಕೂ ಮಿಕ್ಕು ಫಲ ಕೊಡುತ್ತದೆ. ಅಜ್ಜ ನೆಟ್ಟ ಮರದ ಕಾಯನ್ನು ಮೊಮ್ಮಗ ಕೀಳಿಸುತ್ತಾನೆ. ಕಿತ್ತ ಕಾಯಿಯೂ ಕೂಡಲೇ ಹಣವಾಗುವುದಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾದ ಮೇಲೆಯೇ ಅದು ತಿಪಟೂರಿನ ಮಾರುಕಟ್ಟೆಯನ್ನು ಕಾಣುವುದು. ಆದ್ದರಿಂದ ತೋಟ ಪಾಲಾಗುವ ದಿನ ಹಂಚಿಕೆಯಾಗುವುದು ಮೂರು ತಲೆಮಾರಿನ ದುಡಿಮೆ.

ಅದು ಯಾರಿಗೆ ಸೇರಬೇಕು? ಹಿರಿಯ ಮಗನಿಗೆ ಹೆಚ್ಚೋ, ಎಲ್ಲ ಗಂಡುಮಕ್ಕಳಿಗೂ ಸಮವೋ? ಹೆಣ್ಣುಮಕ್ಕಳ ಗತಿಯೇನು? ಈ ಪ್ರಶ್ನೆಗಳಿಗೆ ಸಾವಿರಾರು ವರ್ಷಗಳ ಹಿಂದೆ ಇಬ್ರಿಯರ ಮೂಲಪುರುಷರ ಮನೆಗಳಲ್ಲಿ ದೊರೆತ ಉತ್ತರವನ್ನೂ, ಕನ್ನಡನಾಡಿನಲ್ಲಿ ದೊರೆತ ಉತ್ತರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಅನೇಕ ವಿಷಯಗಳು ಹೊಳೆಯುತ್ತವೆ.

ಅಬ್ರಹಾಮನ ಮನೆತನ

ಬೈಬಲಿನ ಆದಿಕಾಂಡ ಒಂದು ದೊಡ್ಡ ಮನೆತನದ ಕಥೆ. ಅಬ್ರಹಾಮನಿಗೆ ಕುರಿದನಗಳಿದ್ದವು, ಬೆಳ್ಳಿಬಂಗಾರವಿತ್ತು, ಮಕ್ಕಳಿರಲಿಲ್ಲ. ತನ್ನ ಮನೆಯಾಳು ಎಲೀಯೆಜರನೇ ಬಾಧ್ಯನಾಗುವನಲ್ಲಾ ಎಂದು ಆತ ಕೊರಗಿದ. ಹೆಂಡತಿ ಸಾರಳು ತನ್ನ ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು, ಇಷ್ಮಾಯೇಲ ಹುಟ್ಟಿದ. ಮುಂದೆ ಮುಪ್ಪಿನಲ್ಲಿ ಸಾರಳ ಹೊಟ್ಟೆಯಲ್ಲೇ ಇಸಾಕ ಹುಟ್ಟಿದಾಗ, ದಾಸಿಯ ಮಗ ತನ್ನ ಮಗನೊಡನೆ ಬಾಧ್ಯನಾಗಕೂಡದೆಂದು ಅವಳು ಹಟ ಹಿಡಿದಳು. ಹಾಗರಳೂ ಮಗನೂ ಮನೆ ಬಿಡಬೇಕಾಯಿತು. ಅಬ್ರಹಾಮ ತನ್ನ ಸರ್ವಸ್ವವನ್ನೂ ಇಸಾಕನಿಗಿತ್ತ. ಉಪಪತ್ನಿಯರ ಮಕ್ಕಳಿಗೆ ಉಡುಗೊರೆ ಕೊಟ್ಟು ಮೂಡಣ ದೇಶಕ್ಕೆ ಕಳುಹಿಸಿದ. ಆದರೂ ತಂದೆ ತೀರಿಕೊಂಡಾಗ ಇಸಾಕ ಇಷ್ಮಾಯೇಲರಿಬ್ಬರೂ ಕೂಡಿಯೇ ಮಣ್ಣು ಮಾಡಿದರು.

ಮಣ್ಣು ಮಾಡಿದ ಸ್ಥಳವಾದರೂ ಅಬ್ರಹಾಮ ಸಾರಳ ಸಮಾಧಿಗೆಂದು 400 ಶೆಕೆಲ್ ಬೆಳ್ಳಿ ತೂಗಿ ಕೊಂಡಿದ್ದ ಮಕ್ಪೇಲದ ಗವಿ. ಆ ಕ್ರಯದ ವಿವರದಲ್ಲಿ ಹೊಲ, ಗವಿಗಳೊಡನೆ ಎಲ್ಲೆಯೊಳಗಿನ ಮರಗಳೂ ಸೇರಿದವೆಂದು ಹೇಳಿದೆ. “ನಿಧಿ, ನಿಕ್ಷೇಪ, ಜಲ, ತರು, ಪಾಷಾಣ” ಎಂದು ಬರೆಯುವ ನಮ್ಮ ಹಳೆಯ ಕ್ರಯಪತ್ರಗಳನ್ನು ಕಂಡವರಿಗೆ ಇದು ಪರಿಚಿತವೆನಿಸದಿರದು.

ಇಸಾಕನ ಅವಳಿಮಕ್ಕಳಲ್ಲಿ ಏಸಾವ ಹಿರಿಯ, ಯಾಕೋಬ ಕಿರಿಯ. ಬೇಟೆಯಿಂದ ದಣಿದು ಬಂದ ಏಸಾವ ಒಂದು ಹೊತ್ತಿನ ರೊಟ್ಟಿಗೂ ಬೇಳೆಯ ಸಾರಿಗೂ ತನ್ನ ಜ್ಯೇಷ್ಠತ್ವದ ಹಕ್ಕನ್ನು ತಮ್ಮನಿಗೆ ಮಾರಿಬಿಟ್ಟ. ಮುಂದೆ ತಾಯಿ ರೆಬೆಕ್ಕಳ ಉಪಾಯದಿಂದ ಯಾಕೋಬ ಕೈಗೆ ಮೇಕೆಮರಿಯ ತೊಗಲು ಸುತ್ತಿಕೊಂಡು, ಕಣ್ಣು ಕಾಣದ ತಂದೆಯಿಂದ ಅಣ್ಣನ ಆಶೀರ್ವಾದವನ್ನೂ ಪಡೆದ. ಹೀಗೆ ಪಡೆದವನ ಮನೆಯಲ್ಲೂ ಹಿರಿತನ ನೆಟ್ಟಗೆ ನಡೆಯಲಿಲ್ಲ. ಯಾಕೋಬನ ಹನ್ನೆರಡು ಗಂಡುಮಕ್ಕಳಲ್ಲಿ ಹಿರಿಯನಾದ ರೂಬೇನ ತಂದೆಯ ಉಪಪತ್ನಿಯನ್ನು ಕೂಡಿದ ತಪ್ಪಿಗೆ ಆ ಹಕ್ಕನ್ನು ಕಳೆದುಕೊಂಡ. ಯೋಸೇಫನಿಗೆ ಅವನ ಇಬ್ಬರು ಮಕ್ಕಳ ಮೂಲಕ ಎರಡು ಪಾಲು ದೊರೆಯಿತು. ತಂದೆಯ ಒಲವಿನಿಂದ ಮನೆಗಳು ಒಡೆದುದನ್ನು ಕಂಡೋ ಏನೋ, ಮುಂದಿನ ಧರ್ಮಶಾಸ್ತ್ರ ಖಂಡಿತವಾಗಿ ವಿಧಿಸಿತು: ಯಾವ ಹೆಂಡತಿ ಪ್ರಿಯಳಾದರೂ ಸರಿ, ಮೊದಲು ಹುಟ್ಟಿದ ಮಗನಿಗೆ ಎರಡು ಪಾಲು.

ಕಲ್ಯಾಣದಲ್ಲಾದ ತೀರ್ಮಾನ

ನಮ್ಮಲ್ಲಿಯೂ ಹಿರಿಯನಿಗೆ ಹೆಚ್ಚಿನ ಪಾಲು ಇಲ್ಲದೆ ಇರಲಿಲ್ಲ. ಮನುಸ್ಮೃತಿ ಇಪ್ಪತ್ತರಲ್ಲಿ ಒಂದು ಭಾಗವನ್ನು ಅವನಿಗೆ ಅಧಿಕವಾಗಿ ಹೇಳುತ್ತದೆ. ಅದನ್ನು ಬಿಡಿಸಿದವನು ಕನ್ನಡನಾಡಿನಲ್ಲೇ ಇದ್ದ ಪಂಡಿತ. ಆರನೆಯ ವಿಕ್ರಮಾದಿತ್ಯನ (1076–1126) ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಈಗಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ. ವಿಷಮ ವಿಭಾಗ ಶಾಸ್ತ್ರದಲ್ಲಿದ್ದರೂ ಲೋಕಕ್ಕೆ ದ್ವೇಷ್ಯವಾದುದರಿಂದ ಆಚರಿಸತಕ್ಕದ್ದಲ್ಲವೆಂದು ಅವನ ಮತ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಜ್ಜನ ಆಸ್ತಿಯಲ್ಲಿ ತಂದೆಮಕ್ಕಳಿಗೆ ಸಮಾನ ಒಡೆತನ. ಅಂಥ ಆಸ್ತಿಗೆ ಅವನು ಕೊಡುವ ಉದಾಹರಣೆಗಳಲ್ಲಿ ವೀಳ್ಯದೆಲೆಯ ಹೊರೆಯೊಂದಕ್ಕೆ ಇಷ್ಟು ಎಲೆ, ಅಡಕೆಯ ಹೊರೆಯೊಂದಕ್ಕೆ ಇಷ್ಟು ಅಡಕೆ ಎಂದು ಸಲ್ಲುವ ಆದಾಯವೂ ಉಂಟು. ತೋಟದ ನಾಡಿನವರಿಗೆ ಒಪ್ಪುವ ಮಾತು.

ಹೆಣ್ಣುಮಕ್ಕಳ ಅಹವಾಲು

ಇಬ್ರಿಯರಲ್ಲಿ ಹೆಣ್ಣುಮಕ್ಕಳ ಪ್ರಶ್ನೆಯನ್ನು ಎತ್ತಿದವರು ಹೆಣ್ಣುಮಕ್ಕಳೇ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಪುತ್ರಿಯರು ಮೋಶೆಯ ಮುಂದೆ, ಇಡೀ ಸಭೆ ಕೇಳುವಂತೆ, ತಮ್ಮ ತಂದೆಯ ಹೆಸರು ಕುಲದಿಂದ ಅಳಿಯಬೇಕೇಕೆಂದು ಕೇಳಿದರು. ಅವರ ಮಾತು ನ್ಯಾಯವೆಂದು ತೀರ್ಪಾಗಿ, ಮಗನಿಲ್ಲದವನ ಸ್ವಾಸ್ತ್ಯ ಮಗಳಿಗೆಂಬ ನಿಯಮವಾಯಿತು. ಆದರೆ ಕುಲದ ಹಿರಿಯರು ಸುಮ್ಮನಾಗಲಿಲ್ಲ. ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ಭೂಮಿಯೂ ಹೋಗುವುದೆಂದರು. ಸ್ವಕುಲದಲ್ಲೇ ಮದುವೆಯಾಗಬೇಕೆಂಬ ಕಟ್ಟು ಬಿತ್ತು.

ಮಿತಾಕ್ಷರಾ ಪ್ರಕಾರವೂ ಮಗನಿಲ್ಲದೆ ಸತ್ತ ವಿಭಕ್ತನ ಆಸ್ತಿ ಮೊದಲು ಹೆಂಡತಿಗೆ, ಅನಂತರ ಹೆಣ್ಣುಮಕ್ಕಳಿಗೆ. ಅಣ್ಣತಮ್ಮಂದಿರಿದ್ದರೆ ಮಾತ್ರ, ಮದುವೆಯಾಗದ ತಂಗಿಗೆ ನಾಲ್ಕನೆಯ ಒಂದಂಶ. ಈ ಕಾಲುಪಾಲು ಎಷ್ಟೋ ಶತಮಾನ ಗ್ರಂಥದಲ್ಲೇ ಉಳಿದಿತ್ತು. ಅದಕ್ಕೆ ಕಾನೂನಿನ ಬಲ ಬಂದುದು ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ.

ಒಂದು ತೋಟ, ಐದು ಲೆಕ್ಕ

ನಾಲ್ಕು ಎಕರೆಯ ಪಿತ್ರಾರ್ಜಿತ ತೋಟವೊಂದನ್ನು ಊಹಿಸಿಕೊಳ್ಳಬಹುದು. ಎಕರೆಗೆ ಎಪ್ಪತ್ತರಂತೆ 280 ಮರಗಳು, ತಾಯಿ ಮೊದಲು, ತಂದೆ ಆಮೇಲೆ ತೀರಿಕೊಂಡಿದ್ದಾರೆ, ಉಯಿಲಿಲ್ಲ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಇಬ್ರಿಯರ ನಿಯಮದಂತೆ ಹಿರಿಯ ಮಗನಿಗೆ ಸುಮಾರು 187, ಕಿರಿಯನಿಗೆ 93. ಹೆಣ್ಣುಮಕ್ಕಳಿಗೆ ಒಂದೂ ಇಲ್ಲ. ಮಿತಾಕ್ಷರಾ ಪದ್ಧತಿ ವಾಡಿಕೆಯಲ್ಲಿ ನಡೆದಂತೆ ಗಂಡುಮಕ್ಕಳಿಗೆ ತಲಾ 140. ಮೈಸೂರಿನ 1933ರ ಕಾಯಿದೆಯಂತೆ ಗಂಡುಮಕ್ಕಳಿಗೆ ತಲಾ 112, ಮದುವೆಯಾಗದ ಹೆಣ್ಣುಮಕ್ಕಳಿಗೆ ತಲಾ 28. ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿ ಬಂದ ರೂಪದಲ್ಲಿ, ತಂದೆಯ ಮೂರನೆಯ ಒಂದು ಪಾಲು ಮಾತ್ರ ನಾಲ್ವರಿಗೂ ಹಂಚಿಕೆಯಾಗಿ, ಮದುವೆಯಾಗಿರಲಿ ಬಿಡಲಿ, ಹೆಣ್ಣುಮಕ್ಕಳಿಗೆ ತಲಾ 23ರಷ್ಟು. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಪಾಲಿನ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಅದನ್ನು ವಿವಾಹಿತೆಯರಿಗೂ ವಿಸ್ತರಿಸಿತು. ಈಗ ನಾಲ್ವರಿಗೂ ತಲಾ 70 ಮರ.

2005ಕ್ಕೆ ಮುಂಚೆ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದುದೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಿಂದಲೋ ಡಿಕ್ರಿಯಿಂದಲೋ ಆದ ಪಾಲುಗಳಿಗೆ ಮಾತ್ರ ಚ್ಯುತಿಯಿಲ್ಲ.

ತವರಿನ ಬಾಗಿಲು

ಕಾನೂನು ಇಲ್ಲಿಗೆ ಮುಗಿಯಿತು; ಮನೆಯ ಮಾತು ಇಲ್ಲಿಂದ ಆರಂಭವಾಗುತ್ತದೆ. ಅಣ್ಣತಮ್ಮಂದಿರ ಮಾತಿನಲ್ಲೂ ಹುರುಳಿಲ್ಲದಿಲ್ಲ. ಬರಗಾಲದಲ್ಲಿ ಕೊಳವೆಬಾವಿ ಕೊರೆಸಿ ಮರಗಳನ್ನು ಉಳಿಸಿದವರು, ತಂದೆತಾಯಿಯರನ್ನು ನೋಡಿಕೊಂಡವರು, ತಂಗಿಯ ಮದುವೆಗೆ ಸಾಲ ಮಾಡಿದವರು ಅವರು. ಇತ್ತ, ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂದು ತಂಗಿಗೆ ಅಂಜಿಕೆ. ಅರಿಶಿನ ಕುಂಕುಮಕ್ಕೆಂದು ಕೊಟ್ಟಷ್ಟನ್ನು ಪಡೆದು, ಹಕ್ಕು ಬಿಡುಗಡೆಯ ಪತ್ರಕ್ಕೆ ಓದದೆಯೇ ರುಜು ಹಾಕಿ ಬರುವವರು ಅನೇಕರು.

ತೋಟ ಪರರ ಪಾಲಾದೀತೆಂಬ ಭಯಕ್ಕೆ, ಮೋಶೆಯ ಕಾಲದಂತೆ, ಮದುವೆಯ ಕಟ್ಟು ಈಗ ಬೇಕಾಗಿಲ್ಲ. ಉಯಿಲಿಲ್ಲದೆ ಬಂದ ಪಾಲನ್ನು ವಾರಸುದಾರರೊಬ್ಬರು ಮಾರಬಯಸಿದರೆ ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದೆಂದು 1956ರ ಕಾಯಿದೆಯ 22ನೆಯ ಕಲಮು ಹೇಳುತ್ತದೆ; ಅದು ಸಾಗುವಳಿ ಭೂಮಿಗೂ ಅನ್ವಯವೆಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿತು. ತಂಗಿಯ ಪಾಲನ್ನು ಅಣ್ಣನೇ ನ್ಯಾಯವಾದ ಬೆಲೆಗೆ ಕೊಳ್ಳಬಹುದು. ಇಲ್ಲವೇ ತೋಟವನ್ನು ಒಟ್ಟಾಗಿಯೇ ಇಟ್ಟು ವರ್ಷವರ್ಷವೂ ಕೊಬ್ಬರಿಯ ಹಣದಲ್ಲಿ ಅವಳ ಭಾಗವನ್ನು ಸಲ್ಲಿಸಬಹುದು. ಅವಳು ಬಿಟ್ಟುಕೊಡುವುದಾದರೂ, ಎಪ್ಪತ್ತು ಮರಗಳನ್ನು ಬಿಟ್ಟುಕೊಡುತ್ತಿರುವೆನೆಂದು ತಿಳಿದು ಬಿಟ್ಟುಕೊಡಲಿ. ಏಸಾವ ತನ್ನ ಹಕ್ಕನ್ನು ಹಸಿವಿನಲ್ಲಿ ಮಾರಿ ಆಮೇಲೆ ಗೋಳಿಟ್ಟು ಅತ್ತ. ಮನೆಮಗಳು ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ತನ್ನ ಪಾಲನ್ನು ಕಳೆದುಕೊಂಡು, ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ಆ ತೋಟವನ್ನು ನೋಡಿ ನಿಟ್ಟುಸಿರಿಡುವಂತೆ ಆಗಬಾರದು.