ಡೆಕ್ಸಾ ಬೇಡ, ಟೇಪ್ ಸಾಕು

ಇಬ್ಬರು ಡಾಕ್ಟರು. ಪುಣೆಯ ಯಾಜ್ಞಿಕ್, ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಕೂಡ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ಗೆ ಶೇ 21.2! 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರ ಫೋಟೊ ಸಮೇತ ಬಂದ ಲೆಕ್ಕ ಇದು. ನೋಡೋಕೆ ತೆಳ್ಳಗೆ, ಒಳಗೆ ಬೆಣ್ಣೆ!

ಈ ಕೊಬ್ಬು ಅಳೆಯೋಕೆ ಡೆಕ್ಸಾ ಸ್ಕ್ಯಾನ್ ಇದೆ, ಆದ್ರೆ ದುಬಾರಿ. ಮನೆಯ ಹೊಲಿಗೆ ಡಬ್ಬಿಯಲ್ಲಿ ಟೇಪ್ ಇದೆಯಲ್ಲ, ತನ್ನಿ.

ಬೆಳಿಗ್ಗೆ, ತಿಂಡಿಗೆ ಮುಂಚೆ. ಗಂಡಸರು ಗಂಟಲ ಗಡ್ಡೆಯ ಕೆಳಗೆ ಕುತ್ತಿಗೆ, ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ. ಹೆಂಗಸರು ಕುತ್ತಿಗೆ, ಸೊಂಟ ಅತಿ ಸಣ್ಣಗಿರೋ ಜಾಗ, ಜೊತೆಗೆ ಹಿಂಭಾಗ ಅತಿ ಅಗಲವಾಗಿರೋ ಸುತ್ತಳತೆ. ಉಸಿರು ಬಿಟ್ಟು ಅಳೀರಿ. ಹೊಟ್ಟೆ ಒಳಗೆ ಎಳ್ಕೊಂಡ್ರೆ ಮೋಸ ಹೋಗೋದು ಟೇಪ್ ಅಲ್ಲ, ನೀವೇ. ಎತ್ತರವನ್ನೂ ಸೇರಿಸಿ 'ಯುಎಸ್ ನೇವಿ' ಕ್ಯಾಲ್ಕುಲೇಟರಿಗೆ ಹಾಕಿ. 1980ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಸಿಬ್ಬಂದಿಗೆ ಅಂತ ಮಾಡ್ಕೊಂಡ ಸೂತ್ರ ಅದು. ಮೂರ್ನಾಲ್ಕು ಅಂಶ ಆಚೀಚೆ ಆಗುತ್ತೆ. ಕಾಸಿಲ್ಲದ ಲೆಕ್ಕಕ್ಕೆ ಅದೇನು ಕಮ್ಮಿಯಲ್ಲ.

ಕೊಬ್ಬು ತೋರಿಸೋ ತೂಕದ ಮೆಷಿನ್ನು? ಅದು ಪಾದದ ಮೂಲಕ ಸಣ್ಣ ಕರೆಂಟ್ ಹರಿಸಿ ಅಂದಾಜು ಮಾಡುತ್ತೆ. ನೀರು ಕುಡಿದ್ರೆ ಒಂದು, ಬೆವರಿ ಬಂದ್ರೆ ಇನ್ನೊಂದು. ಒಂದು ದಿನದ ಅಂಕಿ ನಂಬಬೇಡಿ, ತಿಂಗಳಿಡೀ ಒಂದೇ ಹೊತ್ತಿಗೆ ನೋಡಿ. ಪೇಸ್‌ಮೇಕರ್ ಇದ್ದವರು ಹತ್ತಲೇಬೇಡಿ.

ಟೇಪೂ ಇಲ್ವಾ? ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ, ಅರ್ಧಕ್ಕೆ ಮಡಚಿ, ಉಡಿದಾರದ ಹಾಗೆ ಹೊಟ್ಟೆಗೆ ಸುತ್ತಿ. ಎರಡು ತುದಿ ಸೇರಿದ್ವಾ?