ಬದುಕಿರುವಾಗಲೇ ಅವಳ ಹೆಸರಿಗೊಂದು ಪಾಲು

ವರ್ತೂರು, ಗುಂಜೂರು, ಬಳಗೆರೆ ಕಡೆಯಿಂದ ನನ್ನ ಬಳಿ ಪತ್ರ ಬರೆಸಲು ಬರುವವರಲ್ಲಿ ಅನೇಕರು ಹೇಳುವುದು ಒಂದೇ: "ಸಾರ್, ನಮ್ಮ ಮನೆಯವರ ಹೆಸರೂ ಪತ್ರಕ್ಕೆ ಸೇರಿಸಿಬಿಡಿ." ನೋಂದಣಿಯಾದ ಕ್ರಯಪತ್ರಕ್ಕೆ ಹೀಗೆ ಹೆಸರು ಸೇರಿಸಲು ಬರುವುದಿಲ್ಲ. ತಿದ್ದುಪಡಿ ಪತ್ರ ಇರುವುದು ಹೆಸರಿನ ಅಕ್ಷರವೋ ಚಕ್ಕುಬಂದಿಯೋ ತಪ್ಪಿದ್ದರೆ ಸರಿಪಡಿಸಲು. ಹೆಂಡತಿಯೂ ಮಾಲೀಕಳಾಗಬೇಕಾದರೆ ಗಂಡ ತನ್ನ ಹಕ್ಕಿನಲ್ಲಿ ಅರ್ಧವನ್ನು ದಾನಪತ್ರ ಮಾಡಿ ಕೊಡಬೇಕು. ಇಬ್ಬರು ಸಾಕ್ಷಿಗಳ ಸಹಿ ಬೇಕು, ಕೊಡುವವನು ಬದುಕಿರುವಾಗಲೇ ಆಕೆ ಒಪ್ಪಿ ಪಡೆಯಬೇಕು, ನೋಂದಣಿ ಆಗಲೇಬೇಕು. ಗೃಹಸಾಲ ಇದ್ದರೆ ಮೊದಲು ಬ್ಯಾಂಕಿನ ಒಪ್ಪಿಗೆ.

ಯಾಕಿಷ್ಟು ಒತ್ತಿ ಹೇಳುತ್ತೇನೆಂದರೆ, ಸ್ವಂತ ದುಡಿಮೆಯ ಮನೆ ಬಿಟ್ಟು ಗಂಡ ಉಯಿಲಿಲ್ಲದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ಗಂಡನ ತಾಯಿ ಎಲ್ಲರಿಗೂ ಸಮಪಾಲು. ಅತ್ತೆ ಮತ್ತು ಇಬ್ಬರು ಮಕ್ಕಳಿದ್ದರೆ ಅವಳಿಗೆ ಸಿಗುವುದು ಕಾಲು ಭಾಗ. ಮೊದಲೇ ಅರ್ಧ ಬರೆದುಕೊಟ್ಟಿದ್ದರೆ ಆ ಅರ್ಧ ಅವಳದೇ, ಉಳಿದರ್ಧದಲ್ಲೂ ಕಾಲು ಬರುತ್ತದೆ. ವಂಶವೃಕ್ಷ ಹಿಡಿದು ಅಲೆಯುವ ವಿಧವೆಯರನ್ನು ಕಂಡವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಖರ್ಚೂ ಹೆಚ್ಚಿಲ್ಲ. ಗಂಡ, ಹೆಂಡತಿ, ಮಕ್ಕಳ ನಡುವಿನ ದಾನಕ್ಕೆ ಬೆಂಗಳೂರು ನಗರದಲ್ಲಿ ಮುದ್ರಾಂಕ ಶುಲ್ಕ 5,000 ರೂಪಾಯಿ, ಮನೆಯ ಬೆಲೆ ಎಷ್ಟೇ ಇರಲಿ. ಸೆಸ್, ನೋಂದಣಿ ಶುಲ್ಕ ಬೇರೆ.

ಪಿತ್ರಾರ್ಜಿತವಾದರೆ ಕಥೆಯೇ ಬೇರೆ. ರಾಗಿ ಹೊಲಗಳು ಲೇಔಟ್ ಆದ ನಮ್ಮ ಕಡೆ ಇಂಥವೇ ಜಾಸ್ತಿ. ಅದನ್ನು ಅಪ್ಪ ಒಬ್ಬನೇ ದಾನ ಕೊಡಲಾರ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಸಮಾನ ಪಾಲುದಾರರು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಬರುತ್ತಾರೆ. ಅವರನ್ನು ಎದುರಿಗೆ ಕೂರಿಸಿ ಪೂರ್ತಿ ಓದಿ ಹೇಳದೆ ನಾನು ಮುಂದುವರಿಯುವುದಿಲ್ಲ.

ವಯಸ್ಸಾದ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಇರುವ ಒಂದೇ ಮನೆಯನ್ನು ಪೂರ್ತಿ ಬರೆದುಕೊಡಬೇಡಿ. ದಾನವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಕೊಡುವುದೇ ಆದರೆ ಕೊನೆಯವರೆಗೆ ವಾಸದ ಹಕ್ಕು ನಮ್ಮದು, ಮಕ್ಕಳು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂನಡಿ ಆ ದಾನವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗಬಹುದು. ಸಾಯುವವರೆಗೂ ಕೈಯಲ್ಲೇ ಇರಬೇಕೆಂದರೆ ಉಯಿಲು ಬರೆಯಿರಿ. ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು.

ಈಗ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ, ಅದನ್ನು ಮೊದಲೇ ಮಾಡಿಸಿಕೊಳ್ಳಿ. ಪತ್ರವಾದ ಮೇಲೆ ಖಾತೆಗೂ ಹೊಸ ಹೆಸರು ಸೇರಬೇಕು. ವರ್ತೂರಿನವರಿಗೆ ಈಗ ಅದು ಬೆಂಗಳೂರು ಪೂರ್ವ ನಗರ ಪಾಲಿಕೆಯ ಕೆಲಸ. ಖಾತೆ ತೆರಿಗೆಯ ದಾಖಲೆ ಮಾತ್ರ, ಮಾಲೀಕತ್ವ ಬರುವುದು ಪತ್ರದಿಂದ. ಬರೀ ಖಾತೆಗೆ ಹೆಸರು ಹಾಕಿಸಿಕೊಡುತ್ತೇನೆನ್ನುವವರಿಗೆ ದುಡ್ಡು ಕೊಡಬೇಡಿ.